ಎರಡು ಓಮಿನ ಹೊರೆ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯ ಹುಡುಗರಿಗೆ ಓಮನ ನಿಯಮವನ್ನು ಬೋಧಿಸಿದ ಮಾಸ್ತರನೊಬ್ಬನು ಅದೇ ನಿಯಮವನ್ನು ತಾನು ಮರೆತು ತನ್ನ ಅಕ್ಕನ ಮನೆಗೆ ನಷ್ಟವನ್ನು ತಂದನೆಂದರೆ ಕೇಳಿದವರು ನಕ್ಕಾರು. ಆ ಮಾಸ್ತರನು ನಾನೇ ಆದುದರಿಂದ, ಬೇರೆಯವರು ಹೇಳಿ ನಗುವುದಕ್ಕಿಂತ ಮೊದಲು ನಾನೇ ಆ ಸಂಗತಿಯನ್ನು ಹೇಳಿಬಿಡುವುದು ಲೇಸೆಂದು ತೋರಿತು. ಸಾಹಿತ್ಯದ ಪತ್ರಿಕೆಯಲ್ಲಿ ಯಂತ್ರದ ಮಾತೇಕೆಂದು ವಾಚಕರು ಕೇಳಬಹುದು. ಆದರೆ ನಮ್ಮ ಭಾಗದಲ್ಲಿ ಈಗ ಕೀರ್ತನೆಯಾಗಲಿ, ಪುರಾಣವಾಗಲಿ, ದೊಡ್ಡಾಟವಾಗಲಿ, ಸಾಹಿತ್ಯ ಸಂಘದ ವಾರ್ಷಿಕೋತ್ಸವವೇ ಆಗಲಿ ಧ್ವನಿವರ್ಧಕವಿಲ್ಲದೆ ನಡೆಯುವುದು ಅಪರೂಪ. ಕವಿಯ ಬಾಯಿಗೂ ಕೇಳುವವರ ಕಿವಿಗೂ ನಡುವೆ ನಿಂತಿರುವ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ಒಮ್ಮೆ ಇಣಿಕಿ ನೋಡಿದರೆ ಸಾಹಿತ್ಯಕ್ಕೆ ಅಪಚಾರವಾಗಲಾರದು.

ನಮ್ಮ ಊರು ಕರ್ಜಗಿ. ವರದಾ ನದಿಯ ಸೀಮೆಯದು; ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೊರಟ ರೈಲಿಗೆ ಹಾವೇರಿಗಿಂತ ಮೊದಲು ಸಿಕ್ಕುವ ಸ್ಟೇಶನ್ನು. ಬ್ರಿಟಿಷರ ಆಳಿಕೆಯಲ್ಲಿ ಧಾರವಾಡ ಜಿಲ್ಲೆಯೊಳಗೆ ಕರ್ಜಗಿಯ ಹೆಸರಿನ ತಾಲೂಕೊಂದಿದ್ದಿತು. ಅದರ ಕಚೇರಿ ಮಾತ್ರ ಹಾವೇರಿಯಲ್ಲಿದ್ದಿತು. ೧೯೯೭ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. ನಮಗೆ ಉಳಿದುದು ನಮ್ಮ ಕಾರಹುಣ್ಣಿಮೆ. ಆ ದಿನ ಬಂದಿತೆಂದರೆ ಸುತ್ತಲಿನ ಹಳ್ಳಿಗಳ ಜನವೆಲ್ಲ ಇಲ್ಲಿ ನೆರೆಯುವುದು. ಎತ್ತುಗಳ ಕೋಡುಗಳಿಗೆ ಬಣ್ಣ, ಬೆನ್ನಿನ ಮೇಲೆ ಝೂಲು, ಕೊರಳಲ್ಲಿ ಗೆಜ್ಜೆಸರ. ಆ ಸಂಭ್ರಮವನ್ನು ನೋಡಿದವರಿಗೆ ವರ್ಣನೆ ಬೇಡ. ಆದರೆ ಒಂದು ಮಾತನ್ನು ಮುಂದಿನ ಕಥೆಗಾಗಿ ಇಲ್ಲಿಯೇ ಹೇಳಿಡುವೆನು. ನಮ್ಮ ಒಕ್ಕಲಿಗನು ಎತ್ತಿನ ಮೈಕಟ್ಟನ್ನು ನೋಡಿ ಮೆಚ್ಚಬಹುದು, ಓಟವನ್ನು ನೋಡಿ ಕೂಗಬಹುದು; ಕೊಳ್ಳುವಾಗ ಮಾತ್ರ ಅದನ್ನು ಹೊರೆಗೆ ಹೂಡಿ ನೋಡಿಯೇ ಕೊಳ್ಳುವನು.

ನನ್ನ ಅಕ್ಕನ ಮಗನು ಧ್ವನಿವರ್ಧಕವನ್ನು ಬಾಡಿಗೆಗೆ ಕೊಟ್ಟು ಜೀವಿಸುವವನು. ಜನರ ಬಾಯಲ್ಲಿ ಅದು ‘ಮೈಕ್ ಸೆಟ್ಟು’. ಮೊದಲು ಅವನಲ್ಲಿ ಕಹಳೆಯಂಥ ಎರಡು ಹಾರ್ನುಗಳೂ ಅವಕ್ಕೆ ತಕ್ಕ ಒಂದು ಹಳೆಯ ಯಂತ್ರವೂ ಇದ್ದುವು. ಅವುಗಳಿಂದ ಮಾತು ಕೇಳುತ್ತಿದ್ದಿತು, ಮದ್ದಳೆಯ ಗುಂಭ ಕೇಳುತ್ತಿರಲಿಲ್ಲ. ಈಗಿನ ಜನಕ್ಕೆ ಎದೆಗೆ ತಾಗುವ ನಾದವು ಬೇಕಾಗಿದೆ. ಆದ್ದರಿಂದ ಅವನು ಎರಡು ವರ್ಷಗಳ ಕೆಳಗೆ ಸಾಲ ಮಾಡಿ ದೊಡ್ಡ ಬಾಯಿಯ ನಾಲ್ಕು ಸ್ಪೀಕರು ಬಾಕ್ಸುಗಳನ್ನೂ ಎರಡು ಪಕ್ಕಗಳುಳ್ಳ ಒಂದು ಭಾರವಾದ ಆಂಪ್ಲಿಫಾಯರನ್ನೂ ತಂದನು. ಅಕ್ಕನ ಎರಡು ಬಂಗಾರದ ಬಳೆಗಳು ಒತ್ತೆಯ ಕಪಾಟನ್ನು ಸೇರಿದುವು.

ಕಳೆದ ವರ್ಷದ ಮಾಘಮಾಸದಲ್ಲಿ ಹತ್ತಿರದ ಒಂದು ಹಳ್ಳಿಯವರು ದೊಡ್ಡಾಟಕ್ಕೆ ಅವನ ಸೆಟ್ಟನ್ನು ಗೊತ್ತುಮಾಡಿದರು. ಆ ದಿನಗಳಲ್ಲಿ ಯಂತ್ರದ ಒಂದು ಪಕ್ಕವು ಕೆಟ್ಟು ಮಾತಾಡದೆ ಕುಳಿತಿದ್ದಿತು. ಮಧ್ಯಾಹ್ನ ನಾನು ಪಡಸಾಲೆಯಲ್ಲಿ ವರ್ತಮಾನಪತ್ರವನ್ನು ಓದುತ್ತಿದ್ದಾಗ ಅಳಿಯನು ಬಂದು, “ಮಾವಾ, ನಾಕೂ ಬಾಕ್ಸು ಒಂದ ಪಕ್ಕಕ್ಕ ಹಚ್ಚಿದ್ರ ನಡಿತೈತೇನ್ರಿ?” ಎಂದು ಕೇಳಿದನು. ನಾನು ಪತ್ರದಿಂದ ಕಣ್ಣೆತ್ತದೆ, “ನಡಿತೈತಿ, ಹಚ್ಚು” ಎಂದೆನು. ಎರಡೇ ಶಬ್ದಗಳು. ಮಾವನು ಸಾಯನ್ಸಿನ ಮಾಸ್ತರನೆಂಬ ಭರವಸೆಯಿಂದ ಅವನು ಮರುಮಾತಾಡದೆ ಹೋದನು.

ರಾತ್ರಿ ಒಂಬತ್ತು ಹೊಡೆದ ಸುಮಾರಿಗೆ ಆಟವು ರಂಗಕ್ಕೇರಿದ್ದಿತು. ದುರ್ಯೋಧನನ ವೇಷದ ಹಿರಿಯ ಕಲಾವಿದನು, ವಯಸ್ಸು ಎಪ್ಪತ್ತರ ಮೇಲಿದ್ದೀತು, ಕುಣಿದು ನಿಂತು ಮಾತನ್ನು ಎತ್ತಿಕೊಂಡನು. ಮದ್ದಳೆಯ ಒಂದು ಬಲವಾದ ಪೆಟ್ಟಿನೊಡನೆ ನಾದವು ಒಡೆದಂತಾಯಿತು. ಬಳಿಕ ಏನೂ ಇಲ್ಲ. ಸುಟ್ಟ ವಾರ್ನಿಶಿನ ವಾಸನೆಯು ರಂಗದ ಹಿಂಬದಿಯಿಂದ ಬಂದಿತು. ಆ ಮುದುಕನು ಒಂದು ಕ್ಷಣ ಸುಮ್ಮನಿದ್ದು, ಮೈಕನ್ನು ಬದಿಗೆ ಸರಿಸಿ, ತನ್ನ ಸ್ವಂತ ಕಂಠದಿಂದ ಮಾತನ್ನು ಮುಂದುವರಿಸಿದನು. ಹಿಂದೆ ಕುಳಿತ ಜನರು ಎದ್ದು ಮುಂದೆ ಸರಿದು ಕುಳಿತರು. ಆಟವು ನಿಲ್ಲಲಿಲ್ಲ. ಆದರೆ ನನ್ನ ಅಳಿಯನು ಹೊಗೆಯಾಡುವ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತಿದ್ದುದನ್ನು ನಾನು ಕಂಡೆನು. ಊರವರು ಬಾಡಿಗೆಯ ಅರ್ಧವನ್ನು ಹಿಡಿದುಕೊಂಡರು, ಅವರದು ತಪ್ಪೆನ್ನಲಾಗದು. ಅಳಿಯನು ದಾರಿಯುದ್ದಕ್ಕೂ ನನ್ನನ್ನು ಒಂದು ಮಾತನ್ನೂ ಅನ್ನಲಿಲ್ಲ. ಮನೆಯಲ್ಲಿ ಅಕ್ಕ ಮಾತ್ರ ಕೇಳಿದಳು: “ಯಾಕ ಸುಟ್ಟತು ತಮ್ಮಾ?” “ಭಾರ ಹೆಚ್ಚಾತು ಅಕ್ಕಾ,” ಎಂದೆನು. “ಭಾರ ಹೆಚ್ಚಾಕ್ಕೈತಿ ಅನ್ನೂದು ಹೂಡೂಕಿಂತ ಮೊದ್ಲ ಗೊತ್ತಾಗಂಗಿಲ್ಲೇನು?” ಎಂದಳು. ಗೊತ್ತಾಗುತ್ತಿದ್ದಿತು. ನಿಜವಾದ ಸಂಕಟವು ಅದೇ ಆಗಿದ್ದಿತು.

ಜರ್ಮನಿಯ ಓಮನು ೧೮೨೭ರಲ್ಲಿ ಪ್ರಕಟಿಸಿದ ನಿಯಮವು ಬಹಳ ಸರಳವಾದುದು: ಒತ್ತಡವು ಒಂದೇ ಆಗಿದ್ದರೆ, ಅಡ್ಡಿಯು ಎಷ್ಟು ಪಾಲು ಕಡಿಮೆಯಾಗುವುದೋ ಪ್ರವಾಹವು ಅಷ್ಟೇ ಪಾಲು ಹೆಚ್ಚುವುದು. ಬದಲಾಗುತ್ತಿರುವ ಪ್ರವಾಹಕ್ಕೆ ಸ್ಪೀಕರು ಒಡ್ಡುವ ಅಡ್ಡಿಗೆ ಇಂಪೀಡನ್ಸ್ ಎಂದು ಹೆಸರು. ಅದನ್ನೂ ಓಮುಗಳಲ್ಲಿಯೇ ಎಣಿಸುತ್ತಾರೆ. ನಮ್ಮ ಬಾಕ್ಸುಗಳು ಒಂದೊಂದೂ ೮ ಓಮಿನವು. ಎರಡನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ೪. ನಾಲ್ಕನ್ನು ಜೋಡಿಸಿದರೆ ೨. ಆ ಯಂತ್ರದ ಬೆನ್ನಿನ ಮೇಲೆ ೪ ಓಮಿಗಿಂತ ಕಡಿಮೆ ಹಚ್ಚಬಾರದೆಂದು ಬರೆದೇ ಇದ್ದಿತು. ಅಡ್ಡಿ ಕಡಿಮೆಯಾದುದರಿಂದ ಹೊರೆ ಹಗುರಾಯಿತೆಂದು ಸಾಮಾನ್ಯರು ತಿಳಿದಾರು. ಯಂತ್ರಕ್ಕೆ ಅದು ವಿಪರೀತ. ಸಣ್ಣ ತೂಬಿನ ಕೆರೆಗೆ ದೊಡ್ಡ ತೂಬನ್ನು ಕೊರೆದಂತೆ, ನೀರು ಹೆಚ್ಚು ಹರಿಯುವುದು, ಏರಿಯು ಅದನ್ನು ತಾಳಬೇಕು. ಮೇಲಾಗಿ ೮ ಎಂಬುದು ಬರಿಯ ಹೆಸರು. ಮೀಟರು ಹಚ್ಚಿ ನೋಡಿದರೆ ಸುರುಳಿಯ ತಂತಿಯು ೬ ಓಮಿನ ಹತ್ತಿರವೇ ತೋರುವುದು. ಸ್ವರವು ಬದಲಾದಂತೆ ಈ ಸಂಖ್ಯೆಯು ಕೆಲವೆಡೆ ಹತ್ತಾರು ಓಮಿಗೆ ಏರುವುದು, ಕೆಲವೆಡೆ ಮತ್ತೆ ೬ಕ್ಕೆ ಇಳಿಯುವುದು. ಅಂದರೆ ನಾನು ‘ಹಚ್ಚು’ ಎಂದ ಹೊರೆಯು ಕೆಲವು ಸ್ವರಗಳಲ್ಲಿ ಒಂದೂವರೆ ಓಮಿನಷ್ಟಕ್ಕೂ ಬಂದಿದ್ದೀತು.

ಹಳೆಯ ಬಗೆಯ ಯಂತ್ರದಲ್ಲಿ ಶಾಖವು ಹುಟ್ಟುವುದು ಹೇಗೆಂಬುದನ್ನು ಮನೆಯ ಒಂದು ಉದಾಹರಣೆಯಿಂದ ತಿಳಿಯಬಹುದು. ಹಿಂದೆ ಫ್ಯಾನಿನ ವೇಗವನ್ನು ಕಡಿಮೆ ಮಾಡಲು ಗೋಡೆಗೆ ಒಂದು ದೊಡ್ಡ ಡಬ್ಬಿಯಿರುತ್ತಿದ್ದಿತು, ಮುಟ್ಟಿದರೆ ಬಿಸಿ. ಫ್ಯಾನಿಗೆ ಬೇಡವಾದ ಒತ್ತಡವನ್ನು ಅದು ತನ್ನ ಮೈಮೇಲೆ ತೆಗೆದುಕೊಂಡು ಬೆಂಕಿಯಾಗುತ್ತಿದ್ದಿತು. ‘ಏಬಿ’ ವರ್ಗದ ಆಂಪ್ಲಿಫಾಯರಿನ ಟ್ರಾನ್ಸಿಸ್ಟರು ಇದನ್ನೇ ಮಾಡುತ್ತದೆ. ಅದು ಪೂರ್ತಿ ತೆರೆದೂ ಇಲ್ಲ, ಪೂರ್ತಿ ಮುಚ್ಚಿಯೂ ಇಲ್ಲ; ನಡುವೆ ನಿಂತು, ಒತ್ತಡವನ್ನೂ ಪ್ರವಾಹವನ್ನೂ ಒಂದೇ ಕಾಲಕ್ಕೆ ಹೊರುವುದು. ಆ ಎರಡರ ಗುಣಲಬ್ಧವೇ ಶಾಖ. ಹೊರೆಯು ೪ರಿಂದ ೨ ಓಮಿಗೆ ಇಳಿದರೆ, ಧ್ವನಿಯ ಮಟ್ಟವನ್ನು ಮುಟ್ಟದಿದ್ದರೂ ಪ್ರವಾಹವು ಇಮ್ಮಡಿಯಾಗಿ ಆ ಶಾಖವೂ ಇಮ್ಮಡಿಯಾಗುವುದು. ಈ ಬಗೆಯ ಯಂತ್ರವು ಲೆಕ್ಕದಲ್ಲಿ ನೂರಕ್ಕೆ ೭೮ರಷ್ಟು ಶಕ್ತಿಯನ್ನು ಸ್ಪೀಕರಿಗೆ ಮುಟ್ಟಿಸಬಲ್ಲುದಾದರೂ ಅದು ಗಂಟಲು ಹರಿಯುವಷ್ಟು ಜೋರಿನಲ್ಲಿ ಮಾತ್ರ. ಸಾಧಾರಣ ಹಾಡು ಮಾತುಗಳಲ್ಲಿ ಕಾಲುಭಾಗ ಮುಟ್ಟಿದರೆ ಹೆಚ್ಚು, ಉಳಿದುದೆಲ್ಲ ಅಲ್ಯುಮಿನಿಯಮ್ಮಿನ ರೆಕ್ಕೆಗಳ ಮೂಲಕ ಗಾಳಿಗೆ.

ತಪ್ಪಿಗೆ ಪ್ರಾಯಶ್ಚಿತ್ತವಾಗಬೇಕೆಂದು ನಾನು ನಿಶ್ಚಯಿಸಿದೆನು. ಹೊಸ ಯಂತ್ರಕ್ಕೆ ಹಣವಿಲ್ಲ, ಕಟ್ಟಿಯೇ ಕೊಡಬೇಕು. ಅಳಿಯನಿಗೆ ಇನ್ನೊಂದು ಬಯಕೆಯಿದ್ದಿತು: ಜನರೇಟರು ಬೇಡ. ಆಟದ ಮಾತಿಗಿಂತ ಅದರ ಗುಡುಗೇ ಹೆಚ್ಚು, ಡೀಸೆಲ್ಲಿನ ಖರ್ಚು ಬೇರೆ. ಟ್ರ್ಯಾಕ್ಟರಿನ ಎರಡು ಬ್ಯಾಟರಿಗಳ ಮೇಲೆ, ಅಂದರೆ ೨೪ ವೋಲ್ಟಿನ ಮೇಲೆ, ನಡೆಯುವಂಥದು ಆಗಬಹುದೇ ಎಂದು ಕೇಳಿದನು. ಈ ಸಲ ನಾನು ಕಾಗದ ಪೆನ್ಸಿಲ್ಲು ತೆಗೆದುಕೊಂಡೆನು. ೨೪ ವೋಲ್ಟಿನಲ್ಲಿ ತುದಿಗೆ ೨೨ ದಕ್ಕಿತೆಂದು ಹಿಡಿದರೆ, ೮ ಓಮಿನ ಸ್ಪೀಕರಿಗೆ ೩೦ ವ್ಯಾಟು ಮಾತ್ರ ಸಲ್ಲುವುದು. ಅದೇ ೨ ಓಮಿಗೆ ೧೨೦ ವ್ಯಾಟು. ನಾಲ್ಕು ಬಾಕ್ಸುಗಳನ್ನು ಎರಡೆರಡು ಸಾಲಾಗಿ ಜೋಡಿಸಿ ಮತ್ತೆ ೮ ಓಮು ಮಾಡಬಹುದು, ಯಂತ್ರವೂ ಸುಖವಾಗಿರುವುದು; ಆದರೆ ಬ್ಯಾಟರಿಯ ಅಲ್ಪ ಒತ್ತಡದಿಂದ ಶಕ್ತಿ ಬರಬೇಕಾದರೆ ಹೊರೆಯ ಓಮು ಚಿಕ್ಕದಾಗಿಯೇ ಇರಬೇಕು. ನನ್ನನ್ನು ಸುಟ್ಟ ೨ ಓಮೇ ಈಗ ನನಗೆ ಬೇಕಾಯಿತು! ವ್ಯತ್ಯಾಸವಿಷ್ಟೆ: ಮೊದಲು ಅದು ಅರಿಯದೆ ಬಂದ ಹೊರೆ, ಈಗ ಅರಿತು ಹೊರುವ ಹೊರೆ.

ಇದಕ್ಕೆ ತಕ್ಕುದು ‘ಡಿ’ ವರ್ಗದ ರಚನೆ. ‘ಡಿ’ ಎಂದರೆ ಡಿಜಿಟಲ್ ಎಂದು ಹಲವರು ತಿಳಿಯುವರು, ಹಾಗಲ್ಲ. ಎ, ಬಿ, ಸಿ ಎಂಬ ಅಕ್ಷರಗಳು ಬೇರೆ ಬಗೆಗಳಿಗೆ ಸಂದುಹೋಗಿದ್ದುವು, ಉಳಿದುದು ‘ಡಿ’. ಇಲ್ಲಿ ಟ್ರಾನ್ಸಿಸ್ಟರಿಗೆ ನಡುದಾರಿಯಿಲ್ಲ: ಪೂರ್ತಿ ತೆರೆ, ಇಲ್ಲವೆ ಪೂರ್ತಿ ಮುಚ್ಚು. ತೆರೆದಾಗ ಪ್ರವಾಹವಿರುವುದು, ಒತ್ತಡವಿಲ್ಲ. ಮುಚ್ಚಿದಾಗ ಒತ್ತಡವಿರುವುದು, ಪ್ರವಾಹವಿಲ್ಲ. ಶಾಖಕ್ಕೆ ಆಸ್ಪದವೇ ಕಡಿಮೆ. ಗಾಯಕನ ಸ್ವರವನ್ನು ತ್ರಿಕೋನಾಕಾರದ ಒಂದು ಅತಿವೇಗದ ಅಲೆಯೊಡನೆ ತೂಗಿ, ಸ್ವರವು ಮೇಲಿದ್ದಷ್ಟು ಹೊತ್ತು ತೆರೆಯುವುದು, ಕೆಳಗಿದ್ದಷ್ಟು ಹೊತ್ತು ಮುಚ್ಚುವುದು. ಸೆಕೆಂಡಿಗೆ ನಾಲ್ಕು ಲಕ್ಷ ಸಲ. ಕಾಲುವೆಯ ಬಾಗಿಲನ್ನು ಹೀಗೆ ತೆರೆದು ಮುಚ್ಚುತ್ತಿದ್ದರೆ ಹೊಲಕ್ಕೆ ಮುಟ್ಟುವುದು ಸರಾಸರಿಯ ನೀರು. ಆ ಏರುಪೇರನ್ನು ಸಮಗೊಳಿಸುವ ನಡುಗುಂಡಿಯಂತೆ, ಸ್ಪೀಕರಿನ ಮುಂದೆ ಒಂದು ತಂತಿಯ ಕಾಯಿಲೂ ಒಂದು ಕೆಪಾಸಿಟರೂ ಇರುವುವು. ಅವು ಅತಿವೇಗದ ಮಿಡಿತವನ್ನು ಸೋಸಿ, ಹಾಡನ್ನು ಮಾತ್ರ ಮುಂದೆ ಬಿಡುವುವು. ನೂರಕ್ಕೆ ತೊಂಬತ್ತರಷ್ಟು ಶಕ್ತಿಯು ಸ್ಪೀಕರಿಗೆ ಸಲ್ಲುವುದು. ಈ ಕಲ್ಪನೆ ಹೊಸದಲ್ಲ. ೧೯೬೪ರಲ್ಲಿಯೇ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರನು ಇಂಥ ಒಂದು ಯಂತ್ರವನ್ನು ಬಿಡಿಭಾಗಗಳಾಗಿ ಮಾರಿದನು. ಆ ಕಾಲದ ಟ್ರಾನ್ಸಿಸ್ಟರುಗಳಿಗೆ ಅಷ್ಟು ವೇಗವಿರಲಿಲ್ಲವಾದ್ದರಿಂದ ಅದು ಊರ್ಜಿತವಾಗಲಿಲ್ಲ. ಮುಂದೆ ಮಾಸ್‌ಫೆಟ್ ಎಂಬ ವೇಗದ ಸ್ವಿಚ್ಚು ಬಂದ ಮೇಲೆ ಈ ರಚನೆಗೆ ಜೀವ ಬಂದಿತು.

ಸ್ವಿಚ್ಚುಗಳು ಯಾವಾಗಲೂ ಜೋಡಿಯಾಗಿರುವುವು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ನಮ್ಮ ಹೆಣ್ಣುಮಕ್ಕಳು ಒಂದೇ ಒರಳಿಗೆ ಇಬ್ಬರು ನಿಂತು ಒನಕೆ ಹಾಕುವುದನ್ನು ನೋಡಿದವರಿಗೆ ಇದು ತಿಳಿಯುವುದು. ಒಬ್ಬಳ ಒನಕೆ ಮೇಲೇಳುವ ಮೊದಲು ಇನ್ನೊಬ್ಬಳದು ಬಿದ್ದರೆ ಒನಕೆಗಳು ಬಡಿದುಕೊಳ್ಳುವುವು. ಇಲ್ಲಿ ಎರಡು ಸ್ವಿಚ್ಚುಗಳೂ ಕ್ಷಣಮಾತ್ರ ಕೂಡಿ ತೆರೆದರೆ ಬ್ಯಾಟರಿಯ ಎರಡು ತುದಿಗಳೂ ನೇರವಾಗಿ ಕೂಡಿ ಮಾಸ್‌ಫೆಟ್ಟು ಸಿಡಿದುಹೋಗುವುದು. ಆದ್ದರಿಂದ ನಡುವೆ ಕೆಲವು ಹತ್ತು ನ್ಯಾನೋಸೆಕೆಂಡುಗಳ ಬಿಡುವನ್ನು ಇಡುವರು. ಬಿಡುವು ಹೆಚ್ಚಾದರೆ ನಾದವು ಕೆಡುವುದು. ಈ ಉಪಮೆಯನ್ನು ಕೇಳಿ ಅಕ್ಕನು ಮೊದಲ ಸಲ ನಕ್ಕಳು. ಅವಳಿಗೆ ಈ ಭಾಗವನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕೆಲಸಕ್ಕೆ ಕುಳಿತೆವು. ಮೊದಲ ಪ್ರಯತ್ನವನ್ನು ಮನೆಯ ಕರೆಂಟಿನ ಮೇಲೆ, ಒಂದೇ ಜೋಡಿ ಸ್ವಿಚ್ಚುಗಳಿಂದ ಮಾಡಿದೆವು. ಎಲ್ಲಿಯೋ ಸಿಕ್ಕ ೮ ಓಮಿನ ನಕ್ಷೆಯನ್ನು ನಾನು ಹಾಗೆಯೇ ಅನುಸರಿಸಿದ್ದೆನು. ಯಂತ್ರವು ಮಾತಾಡಿತು, ಆದರೆ ಅಳಿಯನು ತಲೆಯಾಡಿಸಿ, “ತಾಳದ ಸಪ್ಪಳಾನ ಸತ್ತೈತ್ರಿ ಮಾವಾ” ಎಂದನು. ಅವನ ಕಿವಿಯು ಹೇಳಿದುದನ್ನು ನನ್ನ ಲೆಕ್ಕವು ಆಮೇಲೆ ಹೇಳಿತು. ಸೋಸುವ ಜೋಡಿಯ ಬೆಲೆಗಳು ಹೊರೆಯನ್ನು ಅವಲಂಬಿಸಿವೆ. ೪೦ ಸಾವಿರ ಹರ್ಟ್ಸಿನಲ್ಲಿ ಸೋಸಬೇಕಾದರೆ ೮ ಓಮಿಗೆ ಕಾಯಿಲು ೪೫ ಮೈಕ್ರೋಹೆನ್ರಿ, ಕೆಪಾಸಿಟರು ೦.೩೫ ಮೈಕ್ರೋಫ್ಯಾರಡ್, ೨ ಓಮಿಗೆ ಕಾಯಿಲು ಕಾಲುಭಾಗವಾಗಿ ೧೧, ಕೆಪಾಸಿಟರು ನಾಲ್ಮಡಿಯಾಗಿ ೧.೪ ಆಗಬೇಕು. ದೊಡ್ಡ ಕಾಯಿಲನ್ನೇ ೨ ಓಮಿನ ಮುಂದೆ ಇಟ್ಟರೆ ಅದು ೭ ಸಾವಿರ ಹರ್ಟ್ಸಿನ ಮೇಲಿನ ಸ್ವರಗಳನ್ನೆಲ್ಲ ನುಂಗತೊಡಗುವುದು. ತಾಳದ ಹೊಳಪು ಇರುವುದೇ ಅಲ್ಲಿ. ತಿರುಗುಮುರುಗಾಗಿ ೨ ಓಮಿನ ಜೋಡಿಗೆ ೮ ಓಮು ಹಚ್ಚಿದರೆ, ಕಿವಿಗೆ ಕೇಳದ ೪೦ ಸಾವಿರದ ಹತ್ತಿರ ಅದು ಹುಚ್ಚೆದ್ದು ಕುಣಿಯುವುದು. ಒಬ್ಬರ ಅಳತೆಯ ಅಂಗಿಯು ಇನ್ನೊಬ್ಬರಿಗೆ ಆಗದು.

ಎರಡನೆಯ ದೋಷವು ಮದ್ದಳೆಯ ಪೆಟ್ಟಿಗೆ ಕಾಣಿಸಿತು. ಪ್ರತಿ ಪೆಟ್ಟಿಗೂ ಯಂತ್ರವು ಬಿಕ್ಕುತ್ತಿದ್ದಿತು. ಕಾಯಿಲಿನ ಒಳಗಿನ ತಿರುಳು ಇಂತಿಷ್ಟೇ ಕಾಂತತ್ವವನ್ನು ಹಿಡಿಯಬಲ್ಲುದು. ತುಂಬಿತೆಂದರೆ ಕಾಯಿಲು ಕಾಯಿಲಾಗಿರದೆ ಬರಿಯ ತಂತಿಯಾಗುವುದು, ಪ್ರವಾಹವು ಒಮ್ಮೆಲೆ ಏರುವುದು. ೮ ಓಮಿಗೆ ಸಾಕಾದ ಸಣ್ಣ ತಿರುಳು ೨ ಓಮಿನ ನಾಲ್ಮಡಿ ಪ್ರವಾಹಕ್ಕೆ ಸಾಲದು. ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಒಂದೇ ಜೋಡಿ ಸ್ವಿಚ್ಚುಗಳ ರಚನೆಗೆ ಧನ, ಋಣ ಎಂದು ಎರಡು ಭಂಡಾರಗಳು ಬೇಕು. ಆಳವಾದ ಸ್ವರವು ಮೊಳಗುತ್ತಿರುವಾಗ ಒಂದರಿಂದ ತೆಗೆದ ಶಕ್ತಿಯಲ್ಲಿ ಒಂದು ಪಾಲು ಕಾಯಿಲಿನ ಮೂಲಕ ಇನ್ನೊಂದಕ್ಕೆ ಹೋಗಿ ಬೀಳುವುದು. ಈ ಹಗೇವಿನ ಜೋಳವನ್ನು ತೆಗೆದು ಆ ಹಗೇವಿಗೆ ಸುರಿದಂತೆ. ಸ್ವರವು ಆಳವಾದಷ್ಟೂ ಹೊರೆಯ ಓಮು ಚಿಕ್ಕದಾದಷ್ಟೂ ಇದು ಹೆಚ್ಚು. ಕಡೆಗೆ ಒಂದು ಭಂಡಾರದ ಒತ್ತಡವು ಮಿತಿಮೀರಿ, ಕಾವಲಿನ ಮಂಡಲವು ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದಿತು.

ಈ ಮೂರನೆಯ ಕಾಟಕ್ಕೆ ಉಪಾಯವು ನಮ್ಮೂರ ಬಂಡಿಯಲ್ಲಿಯೇ ಇದ್ದಿತು: ಜೋಡೆತ್ತು. ಸ್ಪೀಕರಿನ ಎರಡು ತುದಿಗಳಿಗೂ ಒಂದೊಂದು ಜೋಡಿ ಸ್ವಿಚ್ಚುಗಳನ್ನಿಟ್ಟು, ಒಂದು ನೂಕುವಾಗ ಇನ್ನೊಂದು ಎಳೆಯುವಂತೆ ಮಾಡಿದರೆ ಒಂದೇ ಭಂಡಾರವು ಸಾಕು. ಮರಳಿದ ಶಕ್ತಿಯು ತನ್ನ ಮನೆಗೇ ಮರಳುವುದು. ೨೪ ವೋಲ್ಟಿನ ಪೂರ್ಣ ಬಲವೂ ಸ್ಪೀಕರಿಗೆ ದಕ್ಕುವುದು. ಆದರೆ ಹೊರೆಯನ್ನು ಇಬ್ಬರು ಹಂಚಿಕೊಂಡುದರಿಂದ ಪ್ರತಿಯೊಬ್ಬನ ಕಣ್ಣಿಗೂ ೨ ಓಮು ಒಂದೇ ಓಮಾಗಿ ತೋರುವುದು. ಕಾಯಿಲು ಪ್ರತಿಯೊಂದು ಪಕ್ಕಕ್ಕೆ ೫.೬, ಕೆಪಾಸಿಟರು ೨.೮ ಎಂದು ಮತ್ತೆ ಲೆಕ್ಕ ಹಾಕಿದೆವು. ದೊಡ್ಡ ತಿರುಳಿಗೆ ದಪ್ಪ ತಂತಿಯನ್ನು ಕೈಯಿಂದ ಸುತ್ತಿದೆವು. ಸ್ವಿಚ್ಚು, ಕಾಯಿಲುಗಳ ಒಳ ಅಡ್ಡಿಯೆಲ್ಲ ಕೂಡಿ ೦.೦೪ ಓಮಿದ್ದರೆ, ೮ ಓಮಿನ ಮುಂದೆ ಅದು ಇನ್ನೂರರಲ್ಲಿ ಒಂದು ಪಾಲಿನ ನಷ್ಟ. ೨ ಓಮಿನ ಮುಂದೆ ಐವತ್ತರಲ್ಲಿ ಒಂದು ಪಾಲು. ಚಿಕ್ಕ ಓಮಿನ ಲೋಕದಲ್ಲಿ ಯಾವ ಸಣ್ಣ ತಪ್ಪೂ ಸಣ್ಣದಲ್ಲ. ಸಡಿಲಾದ ಒಂದು ತಿರುಪು ಹತ್ತರಲ್ಲೊಂದು ಓಮು ಅಡ್ಡಿಯಾಗಿ ನಿಂತರೆ, ಪೂರ್ಣ ಬಲದಲ್ಲಿ ಆ ತಿರುಪಿನ ತಲೆಯೊಂದರಲ್ಲಿಯೇ ೬ ವ್ಯಾಟಿನ ಶಾಖವು ಹುಟ್ಟುವುದು. ಒಂದು ಪ್ಲಾಸ್ಟಿಕ್ಕಿನ ಕೊಂಡಿಯು ಕರಗಿದ ಮೇಲೆಯೇ ನನಗೆ ಇದು ಮನವರಿಕೆಯಾಯಿತು. ಅಕ್ಕನ ಹಳೆಯ ರೇಡಿಯೋದಲ್ಲಿ ಸಿಳ್ಳು ಕೇಳಿಸತೊಡಗಿದಾಗ ಒಳಗಿನ ತಂತಿಗಳನ್ನು ಗಿಡ್ಡ ಮಾಡಿ, ಎಲ್ಲವನ್ನೂ ಒಂದು ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಿದೆವು.

ಉಳಿದುದು ದಾರಿ. ರಂಗದಿಂದ ಬಾಕ್ಸುಗಳವರೆಗೆ ೩೦ ಮೀಟರು. ಹೋಗಿ ಬರಲು ೬೦. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ಅಡ್ಡಿಯು ೦.೭ ಓಮು. ೮ ಓಮಿನ ಹೊರೆಗೆ ಇದು ನೂರಕ್ಕೆ ೮ರ ನಷ್ಟ. ೨ ಓಮಿನ ಹೊರೆಗೆ ನೂರಕ್ಕೆ ೨೬. ಸ್ವಿಚ್ಚುಗಳಲ್ಲಿ ಇಷ್ಟು ಜಿಪುಣತನದಿಂದ ಉಳ್ಳಿಸಿದುದನ್ನು ದಾರಿಯ ಮೇಲೆ ಚೆಲ್ಲಿದಂತೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ರಲ್ಲಿ ವಿದ್ಯುತ್ತನ್ನು ಒಯ್ದವರು ಒತ್ತಡವನ್ನು ಸಾವಿರಾರು ವೋಲ್ಟಿಗೆ ಏರಿಸಿ, ಪ್ರವಾಹವನ್ನು ಕಡಿಮೆ ಮಾಡಿ ಆ ದೂರದ ದಾರಿಯನ್ನು ಗೆದ್ದರು. ಅಳಿಯನ ಹಳೆಯ ಹಾರ್ನುಗಳೂ ನೂರು ವೋಲ್ಟಿನ ಲೈನಿನ ಮೇಲೆ ಅದೇ ಧರ್ಮವನ್ನು ಪಾಲಿಸುತ್ತಿದ್ದುವು. ನಮ್ಮ ಹೊಸ ಯಂತ್ರಕ್ಕೆ ಆ ದಾರಿಯಿಲ್ಲ. ನಾನು ದಪ್ಪ ತಂತಿಯ ಬೆಲೆಯನ್ನು ಎಣಿಸುತ್ತಿರುವಾಗ ಅಳಿಯನೇ ಹೇಳಿದನು: “ಎತ್ತ ಇಲ್ಲಿ ಕಟ್ಟಿ, ಬಂಡಿ ಅಲ್ಲಿ ನಿಂದ್ರಿಸಿ, ನಡುವ ಹಗ್ಗ ಯಾಕ ಎಳೀಬೇಕ್ರಿ ಮಾವಾ? ಎತ್ತನ್ನ ಬಂಡಿ ಹತ್ರ ಒಯ್ಯೂಣು.” ನನ್ನ ಮೂವತ್ತು ವರ್ಷಗಳ ಬೋಧನೆಗೆ ಹೊಳೆಯದ ಮಾತು! ಯಂತ್ರವನ್ನೂ ಬ್ಯಾಟರಿಗಳನ್ನೂ ಬಾಕ್ಸುಗಳ ಬೆನ್ನಿಗೇ ಇರಿಸಿ, ಒಂದು ಮೀಟರಿನ ದಪ್ಪ ತಂತಿಯಿಂದ ಜೋಡಿಸಿದೆವು. ರಂಗದಿಂದ ಅಲ್ಲಿಯವರೆಗಿನ ದೂರವನ್ನು ಮೈಕಿನ ಸಣ್ಣ ಸಂಕೇತವು ತೆಳುವಾದ ತಂತಿಯ ಮೇಲೆ ನಡೆದು ಬರಬಹುದು. ಅದಕ್ಕೆ ಹೊರೆಯೆಂಬುದೇ ಇಲ್ಲ.

ಕಾರಹುಣ್ಣಿಮೆಯ ದಿನ ಬಂಡಿಯ ಮೇಲಿಟ್ಟು ಭಜನೆಗೆ ಹಚ್ಚಿ ನೋಡಿದೆವು, ನಿಂತಿತು. ನಿಜವಾದ ಪರೀಕ್ಷೆಯು ಈ ವರ್ಷ ಸುಗ್ಗಿ ಮುಗಿದ ಮೇಲೆ, ನಮ್ಮೂರಿನ ಓಣಿಯವರು ಅದೇ ಮೇಳವನ್ನು ಕರೆಸಿ ಆಡಿಸಿದ ದೊಡ್ಡಾಟದಲ್ಲಿ ಆಯಿತು. ಅದೇ ಮುದುಕ ದುರ್ಯೋಧನ; ಅದೇ ಮದ್ದಳೆ. ನಾನು ಬಾಕ್ಸುಗಳ ಹಿಂದೆ ಕುಳಿತು, ಮೂರು ತಾಸು ಯಂತ್ರದ ಮೇಲೆ ಕೈಯಿಟ್ಟೇ ಇದ್ದೆನು. ಹಳೆಯದಾಗಿದ್ದರೆ ಕೈಸುಡುತ್ತಿದ್ದಿತು, ಇದು ಆಗ ತಾನೆ ಹಾಲು ಕರೆದ ತಂಬಿಗೆಯಷ್ಟು ಬೆಚ್ಚಗಿದ್ದಿತು. ಬ್ಯಾಟರಿಯಿಂದ ಸರಾಸರಿಗೆ ಒಂದು ಆಂಪಿಯರಿಗಿಂತ ಹೆಚ್ಚು ಎಳೆಯಲಿಲ್ಲ. ೧೨೦ ವ್ಯಾಟು ಸಾಕಾಯಿತೇ ಎಂದು ಕೇಳುವವರಿಗೆ ಒಂದು ಮಾತು: ವ್ಯಾಟು ಇಮ್ಮಡಿಯಾದರೂ ಧ್ವನಿಯು ಏರುವುದು ೩ ಡೆಸಿಬೆಲ್ಲು ಮಾತ್ರ, ಸಾಮಾನ್ಯ ಕಿವಿಗೆ ಅದು ತುಸುವೇ ಹೆಚ್ಚೆಂದು ತೋರುವುದು. ಕೊನೆಯ ಸಾಲಿನ ಮುದುಕಿಯೊಬ್ಬಳಿಗೆ ಮಾತು ಸ್ಪಷ್ಟವಾಗಿ ಕೇಳುತ್ತಿದ್ದಿತೆಂಬುದನ್ನು ನಾನು ಎದ್ದು ಹೋಗಿ ಕೇಳಿ ಬಂದೆನು.

ಹತ್ತು ಗಂಟೆ ಹೊಡೆಯಿತು. ೨೦೦೦ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ವಿಶೇಷ ಅನುಮತಿಯಿಲ್ಲದೆ, ಬಯಲಲ್ಲಿ ಧ್ವನಿವರ್ಧಕವನ್ನು ಹಚ್ಚಲಾಗದು. ಅಳಿಯನು ಎದ್ದು ಬಂದು, ಧ್ವನಿಯನ್ನು ಮೆಲ್ಲಗೆ ಇಳಿಸಿ ಯಂತ್ರವನ್ನು ಆರಿಸಿದನು. ರಂಗದ ಮೇಲಿನ ಮುದುಕನು ಹಿಂದಿನ ವರ್ಷದಂತೆಯೇ ಮೈಕನ್ನು ಬದಿಗೆ ಸರಿಸಿದನು. ಹಿಂದೆ ಕುಳಿತ ಜನರು ಹಿಂದಿನ ವರ್ಷದಂತೆಯೇ ಎದ್ದು ಮುಂದೆ ಸರಿದು ಕುಳಿತರು. ಆಟವು ಬರಿಯ ಕಂಠದ ಮೇಲೆ ಮುಂದುವರಿಯಿತು. ಎಲ್ಲವೂ ಅದೇ, ಆದರೂ ನನಗೆ ಬೇರೆಯಾಗಿ ತೋರಿತು. ಸುಟ್ಟು ಸುಮ್ಮನಾಗುವುದು ಬೇರೆ, ಬಲವಿದ್ದೂ ಹೊತ್ತರಿತು ಸುಮ್ಮನಾಗುವುದು ಬೇರೆ.

ಅಕ್ಕನ ಬಳೆಗಳಲ್ಲಿ ಒಂದು ಮನೆಗೆ ಬಂದಿದೆ. ಇನ್ನೊಂದು ಬರುವುದಕ್ಕೆ ಇನ್ನೂ ಕೆಲವು ಆಟಗಳಾಗಬೇಕು. ಮೊನ್ನೆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ವರ್ತಮಾನಪತ್ರವನ್ನು ಓದುತ್ತಿದ್ದಾಗ ಅಳಿಯನು ಬಂದು ಕೇಳಿದನು: “ಮಾವಾ, ಇನ್ನ ಎರಡ ಬಾಕ್ಸು ಕೂಡಿಸಿ ಆರು ಮಾಡಿದ್ರ ನಡಿತೈತೇನ್ರಿ?” ನಾನು ಪತ್ರವನ್ನು ಮಡಿಸಿ ಬದಿಗಿಟ್ಟು, “ಕುಂದ್ರು; ಪೆನ್ಸಿಲ್ ತಗೊಂಬಾ” ಎಂದೆನು.